ಅಮ್ಮನನ್ನು ಪ್ರವಾಸಿ ಮಾಡಿದ ದಿನ

ಅಮ್ಮನ ಅಪ್ಪ, ನಮ್ಮ ನಾನಾ, ಗೌಂಡಿ ಕೆಲಸದವರು. ಬಾದಾಮಿಯಿಂದ ಟಂಟಂ ಆಟೋದಲ್ಲಿ ಅರ್ಧ ತಾಸು ಹೋದರೆ ಸಿಗುವ ಒಂದು ಊರಿನ ಹಳೆಯ ಮಸೀದಿಗೆ ಸುಣ್ಣದ ಗಾರೆಯ ಗಚ್ಚು ಹಿಡಿದವರು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಮಸೀದಿ ಬಿಜಾಪುರದ ಸುಲ್ತಾನರ ಕಾಲದ್ದು. ಅಮ್ಮ ಹತ್ತು ವರ್ಷದವಳಿದ್ದಾಗ ಅದರ ಪಶ್ಚಿಮದ ಗೋಡೆಯ ಗಿಲಾವು ಉದುರತೊಡಗಿತ್ತಂತೆ. ನಾನಾ ಒಂದು ಬೇಸಿಗೆ ಪೂರ್ತಿ ಅಲ್ಲಿ ಕೆಲಸ ಮಾಡಿದರು. ಮನೆ ಅದೇ ಊರಲ್ಲಿತ್ತು, ಅಮ್ಮ ಅವರಿಗೆ ಬುತ್ತಿ ಒಯ್ಯುತ್ತಿದ್ದಳು. ಗಾಣದಲ್ಲಿ ಸುಣ್ಣ, ಉಸುಕು ಅರೆಯುವಾಗ ಬೆಲ್ಲದ ನೀರು ಸುರಿಯುವುದು ಅವಳ ಪಾಲಿನ ಕೆಲಸ. ಮಧ್ಯಾಹ್ನ ಕಮಾನಿನ ನೆರಳಿನಲ್ಲಿ ಮಲಗುತ್ತಿದ್ದಳು. ಅವಳನ್ನು ಹೊರಗೆ ಹೋಗು ಎಂದು ಯಾರೂ ಅನ್ನುತ್ತಿರಲಿಲ್ಲ. ಮುಂದೆ ಮದುವೆಯಾಗಿ ಇಳಕಲ್ಲಿಗೆ, ಮಗ್ಗದ ಮನೆಗೆ ಬಂದಳು. ನಾನಾ ತೀರಿಹೋದರು, ತವರಿನವರು ಬಾಗಲಕೋಟೆ ಸೇರಿದರು, ಆ ಊರಿಗೆ ಹೋಗುವ ಕಾರಣವೇ ಉಳಿಯಲಿಲ್ಲ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಸುತ್ತುತ್ತ ಅಮ್ಮನ ಐವತ್ತು ವರ್ಷ ಕಳೆದವು.

ಮೂರು ವರ್ಷದ ಹಿಂದೆ ನನ್ನ ತಮ್ಮನ ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ತಲೆಗೆ ಸ್ಕಾರ್ಫ್ ಸುತ್ತಿಕೊಂಡ ಯಾರೋ ಪ್ರವಾಸಿ ಹೆಂಗಸು ಆ ಮಸೀದಿಯೊಳಗೆ ನಡೆದಾಡುತ್ತ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಪಶ್ಚಿಮದ ಗೋಡೆ ಬಂದ ಕೂಡಲೆ ಅಮ್ಮ ಮೊಬೈಲು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ನನ್ನನ್ನು ಕರೆದು, ಅಲ್ಲಿ ಒಮ್ಮೆ ಎರಡು ರಕಾತ್ ನಮಾಜು ಮಾಡಿ ಬರಬೇಕು, ಅಪ್ಪನಿಗಾಗಿ ಎಂದಳು. ಏನನ್ನೂ ಕೇಳದ ಹೆಂಗಸು ಅವಳು. ನಾನು ಮುಂದಿನ ರವಿವಾರವೇ ಹೋಗೋಣ ಎಂದೆ.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇಳಕಲ್ಲಿನಿಂದ ದಿನಾ ಬಸ್ಸು. ನನ್ನ ಮಾತು ಕೇಳಿದವರು, ನನ್ನ ಉಡುಗೆ ನೋಡಿದವರು, ನನ್ನನ್ನು ಹಿಂದೂ ಮನೆತನದವಳೆಂದೇ ತಿಳಿಯುತ್ತಾರೆ. ಮೊದಮೊದಲು ಅಲ್ಲರಿ ಎನ್ನುತ್ತಿದ್ದೆ. ಹಾಗೆಂದ ಮೇಲೆ ಎದುರಿನವರ ಮುಖ ಬದಲಾಗುವುದನ್ನೂ, ನಿಮ್ಮ ಕನ್ನಡ ಇಷ್ಟು ಚಲೋ ಹೆಂಗ ಎಂದು ಕೇಳುವುದನ್ನೂ ನೋಡಿ ನೋಡಿ ಸಾಕಾಯಿತು. ತಿದ್ದುವುದನ್ನು ಬಿಟ್ಟುಬಿಟ್ಟೆ. ಬಸ್ಸಿನ ಪಕ್ಕದ ಸೀಟಿನವಳಿಗೆ ಹೂಂ ಅಂದರೆ ಅರ್ಧ ತಾಸಿನ ಪ್ರಯಾಣ ಸುಸೂತ್ರವಾಗಿ ಮುಗಿಯುತ್ತದೆ. ಇದು ಅಮ್ಮನಿಗೆ ಗೊತ್ತಿರಲಿಲ್ಲ.

ಆ ರವಿವಾರ ಬೆಳಿಗ್ಗೆ ಅಮ್ಮ ತನ್ನ ಒಳ್ಳೆಯ ಸೀರೆ ಉಟ್ಟಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವಳ ಕಾಲದ ಹೆಂಗಸರಲ್ಲಿ ಬುರ್ಖಾ ಕಡಿಮೆ. ನಮಾಜಿಗೆಂದು ಕೈಕಾಲು ತೊಳೆದು ಮಾಡಿಕೊಂಡ ವಜೂ ಮುರಿಯಬಾರದು, ನಡುವೆ ಮೂತ್ರಕ್ಕೆ ಹೋಗುವಂತಾಗಬಾರದು ಎಂದು ದಾರಿಯಲ್ಲಿ ಚಹಾ ಕುಡಿಯಲಿಲ್ಲ. ಆದರೂ ಮನಸ್ಸಿಗೆ ಸಮಾಧಾನವಾಗದೆ ಬಾದಾಮಿ ಬಸ್‌ಸ್ಟ್ಯಾಂಡಿನ ನಳದಲ್ಲಿ ಮತ್ತೆ ಕೈ ಕಾಲು ಮುಖ ತೊಳೆದಳು. ಗುಹೆ ನೋಡಲು ಬಂದವರ ಗದ್ದಲದ ನಡುವೆ ಅವಳೊಬ್ಬಳು ಮದುಮಗಳ ಹಾಗೆ ತಗ್ಗಿಸಿದ ಕಣ್ಣು ಎತ್ತದೆ ಟಂಟಂ ಹತ್ತಿದಳು.

ಮಸೀದಿಯ ಬಾಗಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಮನುಷ್ಯ ಕುಳಿತಿದ್ದ. ಬಿಳಿ ಗಡ್ಡ, ನನಗಿಂತ ಹತ್ತು ವರ್ಷ ದೊಡ್ಡವನಿರಬಹುದು. ಮಸೀದಿ ನೋಡಿಕೊಳ್ಳುವವನು ಅವನೇ. ನಮಗಿಂತ ಮುಂದೆ ಬುರ್ಖಾ ಹಾಕಿದ ಒಬ್ಬ ಹೆಂಗಸು ಕೂಸಿಗೆ ದುವಾ ಓದಿಸಲು ಅದನ್ನು ಎತ್ತಿಕೊಂಡು ನಿಂತಿದ್ದಳು. ನಮ್ಮ ಹೆಣ್ಣುಮಕ್ಕಳನ್ನು ಒಳಗೆ ಬಿಡುವುದಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತಿರಿ, ಇಮಾಮ್ ಸಾಹೇಬರು ಅಲ್ಲಿಗೇ ಬರುತ್ತಾರೆ ಎಂದು ಅವನು ಅವಳಿಗೆ ಹೇಳಿದ. ಅವಳು ಹೋಗಿ ಕುಳಿತಳು. ಅದೇ ಹೊತ್ತಿಗೆ ಒಳಗಿನಿಂದ ಪ್ರವಾಸಿಗರ ಗುಂಪು ಹೊರಬಂತು. ಅದರಲ್ಲಿ ಅರ್ಧಕ್ಕರ್ಧ ಹೆಂಗಸರು. ತಲೆಗೆ ಕಟ್ಟಿಕೊಂಡಿದ್ದ ಬಟ್ಟೆಗಳನ್ನು ಬಿಚ್ಚಿ ಅವನ ಪಕ್ಕದ ಬುಟ್ಟಿಗೆ ಹಾಕಿ, ಥ್ಯಾಂಕ್ಸ್ ಎಂದು ಹೋದರು.

ಅವನು ನಮ್ಮ ಕಡೆ ತಿರುಗಿದ. "ನೋಡಾಕ ಬಂದೀರೋ, ನಮಾಜಿಗೆ ಬಂದೀರೋ?" ಎಂದು ಕೇಳಿದ. ಅಮ್ಮ ಬಾಯಿ ತೆರೆಯುವುದರೊಳಗೆ ನಾನು ಉತ್ತರ ಕೊಟ್ಟೆ.

"ನೋಡಾಕ ಬಂದೀವ್ರಿ. ನಾವು ಹಿಂದೂಗಳು. ಹುನಗುಂದದವರು."

ಯೋಚಿಸಿ ಆಡಿದ ಮಾತಲ್ಲ ಅದು. ಬಸ್ಸಿನಲ್ಲಿ ದಿನಾ ಆಡಿ ನಾಲಿಗೆಗೆ ರೂಢಿಯಾಗಿದ್ದ ಸುಳ್ಳು. ಇಷ್ಟು ದೂರ ಬಂದವಳು ಕಟ್ಟೆಯ ಮೇಲೆ ಕೂತು ಹೋಗಬಾರದು, ಹೇಗಾದರೂ ಒಳಗೆ ಸೇರಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಅವನಿಗೆ ಮಾತ್ರ ಖರೇನೇ ಖುಷಿಯಾಯಿತು. ಕುರ್ಚಿ ಬಿಟ್ಟು ಎದ್ದ. ನಿಮ್ಮಂಥವರು ಬರಬೇಕು, ನೋಡಬೇಕು, ಆಗ ಜನರ ತಲೆಯೊಳಗಿನ ಕಸ ಹೋಗುತ್ತದೆ ಎಂದ. ಅಮ್ಮನಿಗೆ ತಂಬಿಗೆಯಲ್ಲಿ ನೀರು ತರಿಸಿಕೊಟ್ಟ. ತಾನೇ ಮುಂದೆ ನಿಂತು ಒಳಗೆ ಕರೆದೊಯ್ದ.

ಆ ಅರ್ಧ ತಾಸನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಅವನು ಅಮ್ಮನಿಗೆ ನಮಾಜು ಎಂದರೇನೆಂದು ವಿವರಿಸಿದ. ಕೈ ಹೇಗೆ ಕಟ್ಟುತ್ತಾರೆ, ಯಾಕೆ ಬಾಗುತ್ತಾರೆ, ಹಣೆ ನೆಲಕ್ಕೆ ಯಾಕೆ ಹಚ್ಚುತ್ತಾರೆ ಎಂದು ತೋರಿಸಿಕೊಟ್ಟ. ಏಳನೇ ವಯಸ್ಸಿನಿಂದ ಎಪ್ಪತ್ತರವರೆಗೆ ಒಂದು ಹೊತ್ತೂ ತಪ್ಪಿಸದ ಹೆಂಗಸು ಸುಮ್ಮನೆ ತಲೆ ಆಡಿಸುತ್ತ ಕೇಳಿದಳು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

ಪಶ್ಚಿಮದ ಗೋಡೆಯ ಮುಂದೆ ನಿಂತಾಗ ಅವನು, ಇದು ಸುಲ್ತಾನರ ಕಾಲದ ಗಚ್ಚು, ಈಗಿನವರಿಗೆ ಈ ವಿದ್ಯೆ ಬರುವುದಿಲ್ಲ, ಕನ್ನಡಿಯ ಹಾಗೆ ಹೊಳಪು ನೋಡಿ ಎಂದ. ಅಮ್ಮ ಮುಂದೆ ಹೋಗಿ ಅಂಗೈಯನ್ನು ಪೂರ್ತಿ ಗೋಡೆಗೆ ಒತ್ತಿದಳು.

"ಮುಟ್ಟಬ್ಯಾಡ್ರಿ ತಾಯಿ," ಅವನು ಮೆತ್ತಗೆ ಹೇಳಿದ. "ಭಾಳ ಹಳೇದೈತಿ. ಕೈ ತಾಗಿದ್ರ ಕೆಡತೈತಿ."

ಅಮ್ಮ ಕೈ ತೆಗೆದಳು. ಅವಳ ತುಟಿ ಅಲುಗಾಡಿದ್ದು ಕಂಡಿತು. ಏನೋ ಹೇಳುತ್ತಾಳೆ, ಹೇಳಲಿ ಎಂದು ನನ್ನ ಜೀವದ ಅರ್ಧ ಬಯಸಿತು, ಬೇಡ ಎಂದು ಇನ್ನರ್ಧ ಹೆದರಿತು. ಹೇಳಿದ್ದರೆ ಮಗಳು ಸುಳ್ಳಿಯಾಗುತ್ತಿದ್ದಳು. ಅವಳು ನಾನಾ ಗಚ್ಚು ಹಿಡಿದ ಗೋಡೆಗೆ ಬೆನ್ನು ಮಾಡಿ ಹೊರಗೆ ನಡೆದಳು. ಬಾಗಿಲಿನಲ್ಲಿ ಅವನು, ಸಂದರ್ಶಕರ ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ ಅಕ್ಕಾರ ಎಂದ. ಬಹಳ ಸುಂದರವಾಗಿದೆ ಎಂದು ಬರೆದು, ಹೆಸರಿನ ಜಾಗದಲ್ಲಿ ನನ್ನದಲ್ಲದ ಒಂದು ಹೆಸರು ಹಾಕಿದೆ. ನನ್ನ ಅಕ್ಷರ ದುಂಡಗೆ ಚಲೋ ಬಂದಿತ್ತು.

ಬಾದಾಮಿಯಿಂದ ಇಳಕಲ್ ಬಸ್ಸು ಸಿಕ್ಕಿತು. ನಮ್ಮ ಮನೆಯಲ್ಲಿ ಆಡುವುದು ಉರ್ದು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಅಮ್ಮ ಮಗ್ಗದ ಓಣಿಯ ಕನ್ನಡಕ್ಕೆ ಬರುತ್ತಾಳೆ. ಅಮೀನಗಡದಲ್ಲಿ ಬಸ್ಸು ನಿಂತು, ಕರದಂಟಿನ ಅಂಗಡಿಗೆಂದು ಜನ ಇಳಿದು, ನಮ್ಮ ಸುತ್ತ ಯಾರೂ ಇಲ್ಲದಾಗ ಅವಳು ಕನ್ನಡದಲ್ಲೇ ಮಾತಾಡಿದಳು.

"ಬಿಡಂಗಿಲ್ಲ ಅಂದಿದ್ರ ನಾ ಆ ಹೆಣಮಗಳ ಬಾಜೂಕ ಕಟ್ಟಿ ಮ್ಯಾಲೆ ನಮಾಜ್ ಮಾಡ್ತಿದ್ನಿ. ನಮ್ಮ ಅಪ್ಪಗ ಅದು ಮುಟ್ತಿತ್ತು."

ನಿನ್ನ ಸಲುವಾಗಿಯೇ ಹಾಗೆ ಅಂದೆ ಎಂದೆ ನಾನು.

"ನನ್ನ ಸಲುವಾಗಿ ಅಲ್ಲ," ಎಂದಳು. "ನಿನಗ ಅದು ರೂಢಿ ಐತಿ. ಎಷ್ಟು ದಿನದಿಂದ ಅಂತ ನಾ ಕೇಳಂಗಿಲ್ಲ."

ಮುಂದೆ ಆ ವಿಷಯ ಅವಳು ಎತ್ತಲೇ ಇಲ್ಲ. ಊಟಕ್ಕೆ ಬಡಿಸುತ್ತಿದ್ದಳು, ತಲೆನೋವೆಂದರೆ ಎಣ್ಣೆ ಹಚ್ಚುತ್ತಿದ್ದಳು. ಆದರೆ ನಾನು ಮನೆಯಲ್ಲಿರುವಾಗ ಬಾಗಿಲು ಎಳೆದು ಮುಂದೆ ಮಾಡಿಕೊಂಡು ನಮಾಜಿಗೆ ನಿಲ್ಲುವ ರೂಢಿ ಅವಳಿಗೆ ಅಂದಿನಿಂದ ಬಂತು.

ನಾನು ಸುಮ್ಮನಿರಲಾರದೆ ಮಸೀದಿಯ ಕಮಿಟಿಗೆ ಒಂದು ಪತ್ರ ಬರೆದೆ. ನೋಡಲು ಬಂದ ಹೆಂಗಸಿಗೆ ತೆರೆಯುವ ಬಾಗಿಲು ನಮಾಜಿಗೆ ಬಂದ ಹೆಂಗಸಿಗೆ ಯಾಕೆ ತೆರೆಯುವುದಿಲ್ಲ ಎಂದು. ಕಳಿಸುವ ಮುಂಚೆ ಬಾಗಲಕೋಟೆಯ ನವನಗರದಲ್ಲಿರುವ ತಮ್ಮನಿಗೆ ಓದಿ ತೋರಿಸಿದೆ. ಅವನು ಪೂರ್ತಿ ಕೇಳಿ, ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ ಅಕ್ಕಾ, ಆದರೆ ಇದು ಮೊಬೈಲಿನಲ್ಲಿ ಹರಿದಾಡಿದರೆ ನಿನ್ನ ಪರ ಯಾರು ಯಾರು ಬಂದು ನಿಲ್ಲುತ್ತಾರೆ ಯೋಚನೆ ಮಾಡು ಎಂದ. ಮಾಡಿದೆ. ನನ್ನ ಪರ ನಿಲ್ಲುವವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವರಲ್ಲಿ ಒಬ್ಬರಿಗೂ ನನ್ನ ಅಮ್ಮನ ನಮಾಜು ಬೇಕಿರಲಿಲ್ಲ, ಆ ಮಸೀದಿಯೂ ಬೇಕಿರಲಿಲ್ಲ. ಪತ್ರ ಹರಿದೆ. ನ್ಯಾಯ ಕೇಳಲೂ ಹೆದರಬೇಕಾದ ಜಾಗದಲ್ಲಿ ನನ್ನನ್ನು ನಿಲ್ಲಿಸಿದವರು ಎರಡೂ ಕಡೆ ಇದ್ದಾರೆ ಎಂಬುದು ಅಂದು ನನಗೆ ಅರ್ಥವಾಯಿತು.

ಹೋದ ವರ್ಷ ದಸರಾ ರಜೆಯಲ್ಲಿ ಯಾರಿಗೂ ಹೇಳದೆ ಒಬ್ಬಳೇ ಅಲ್ಲಿಗೆ ಹೋದೆ. ಅದೇ ಮನುಷ್ಯ, ಅದೇ ಕುರ್ಚಿ. ನನ್ನನ್ನು ಗುರುತು ಹಿಡಿದು, ಬರ್ರಿ ಅಕ್ಕಾರ, ತಾಯಿ ಆರಾಮ ಅದಾರೇನು ಎಂದು ಎದ್ದ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ನಾವು ಯಾರು, ನಾನಾ ಯಾರು, ಆ ಗೋಡೆಯ ಗಚ್ಚು ಯಾರ ಕೈಯದ್ದು. ಅವನು ಮತ್ತೆ ಕುಳಿತ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಆ ಗೌಂಡಿ ಚಾಚಾನ ಮಗಳು ಅಂದಿದ್ರ," ಎಂದ, "ಊಟದ ಹೊತ್ತಿಗೆ ಜನ ಇರಂಗಿಲ್ಲ, ನಾ ಬಾಗಲಾ ಮುಂದ ಮಾಡಿ ಒಳಗ ಬಿಡ್ತಿದ್ದೆ. ನಮ್ಮ ಅಪ್ಪ ಅವರ ಕೈಕೆಳಗ ಸುಣ್ಣಾ ಹೊತ್ತಾನ. ನೋಡಾಕ ಬಂದವರಿಗೆ ಸುಲ್ತಾನರ ಗಚ್ಚು ಅಂತ ಹೇಳೂದು ರೂಢಿ ಆಗೈತಿ, ಅಷ್ಟ. ನೀವು ನನಗ ಬಾಯಿ ಬಿಡಾಕನ ಕೊಡ್ಲಿಲ್ಲಲ್ರಿ."

ಅದು ಖರೆಯೋ, ಈಗ ಹೇಳಲು ಸುಲಭವೆಂದು ಹೇಳಿದ್ದೋ, ನನಗೆ ಗೊತ್ತಿಲ್ಲ. ಹಾಗಾದರೆ ಈಗ ಕರೆತರಲೇ ಎಂದು ಕೇಳಿದೆ. ಅವನು ಬಾಗಿಲ ಮೇಲ್ಗಡೆ ತೋರಿಸಿದ. ಅಲ್ಲಿ ಹೊಸದಾಗಿ ಕ್ಯಾಮೆರಾ ಕೂಡಿಸಿದ್ದರು. ಕಮಿಟಿಯವರು ಮೊಬೈಲಿನಲ್ಲೇ ನೋಡುತ್ತಾರಂತೆ. ನೋಡಲು ಬಂದೆವು ಅನ್ನಿ, ಎಷ್ಟು ಸಲ ಬೇಕಾದರೂ ಬಿಡುತ್ತೇನೆ ಎಂದ, ನನ್ನ ಮುಖ ನೋಡದೆ.

ನಾನು ಒಳಗೆ ಹೋಗಲಿಲ್ಲ. ಕಟ್ಟೆಯ ಮೇಲೆ ನಮಾಜಿಗೂ ನಿಲ್ಲಲಿಲ್ಲ. ಅಮ್ಮನಿಗಿದ್ದ ನಿಷ್ಠೆ ನನಗಿಲ್ಲ, ಇದೆಯೆಂದು ತೋರಿಸಲು ಮನಸ್ಸಾಗಲಿಲ್ಲ. ಇಳಕಲ್ಲು ಮುಟ್ಟುವಾಗ ಸಂಜೆಯಾಗಿತ್ತು. ಅಮ್ಮ ಬಾಗಿಲಿನಲ್ಲಿ ಕೂತು ಮೆಂತ್ಯೆ ಸೋಸುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಬಾಗಲಕೋಟೆಗೆ, ಸಾಲಿ ಕೆಲಸವಿತ್ತು ಎಂದೆ. ಅವಳು ನನ್ನ ಚಪ್ಪಲಿಗೆ ಹತ್ತಿದ್ದ ಬಾದಾಮಿ ಕಡೆಯ ಕೆಂಪು ಮಣ್ಣನ್ನು ಒಂದು ಕ್ಷಣ ನೋಡಿ, ಸರಿದು ಒಳಗೆ ಹೋಗಲು ದಾರಿ ಬಿಟ್ಟಳು.