ಆರನೆಯ ಮೊಟ್ಟೆ

ಯಶೋಧರಾ ನಲ್ಲೂರಿನ ಹುಡುಗಿ. ಐದನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ನನ್ನ ಬಳಿ ಓದಿದಳು. ನಕ್ಷೆ ಬರೆಯುವುದರಲ್ಲಿ ಆ ಕೈಗೆ ಎದುರಿರಲಿಲ್ಲ. ಕರ್ನಾಟಕದ ನಕ್ಷೆಯಲ್ಲಿ ತುಂಗಭದ್ರೆಯ ಒಂದು ಬಾಗನ್ನೂ ಬಿಡದೆ ಎಳೆಯುತ್ತಿದ್ದಳು. ಆಕೆಯ ತಂದೆ ಭೀಮೇಶ್ ಯೌವನದಲ್ಲಿ ದೀಕ್ಷೆ ಪಡೆದು ಬೌದ್ಧರಾದವರು. ಮಗಳಿಗೆ ಆ ಹೆಸರಿಟ್ಟದ್ದು ಅದಕ್ಕಾಗಿಯೇ. ತುಂಡು ಜಮೀನು, ಉಳಿದ ದಿನಗಳಲ್ಲಿ ಕೂಲಿ. ಹೀಗೆಯೇ ಮಗಳನ್ನು ಬಿ.ಎಡ್. ವರೆಗೂ ಓದಿಸಿದರು.

ಆಕೆಗೆ ಕೆಲಸ ಸಿಕ್ಕಿದ್ದು ಸೂಳೆಕೆರೆಯ ದಂಡೆಯ ಊರೊಂದರ ಸರ್ಕಾರಿ ಶಾಲೆಯಲ್ಲಿ, ಅತಿಥಿ ಶಿಕ್ಷಕಿಯಾಗಿ. ನಲ್ಲೂರಿನಿಂದ ಎರಡು ಬಸ್ಸು ಹಿಡಿಯಬೇಕು; ಒಂದು ತಪ್ಪಿದರೂ ಪ್ರಾರ್ಥನೆಯ ಗಂಟೆ ತಪ್ಪುತ್ತದೆ. ಆದ್ದರಿಂದ ಚನ್ನಗಿರಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹುಡುಕಿದಳು. ಹನ್ನೊಂದು ಮನೆಗಳ ಬಾಗಿಲು ತಟ್ಟಿದ್ದಾಯಿತು. ಕೆಲವರು ನೇರವಾಗಿ ಜಾತಿ ಕೇಳಿದರು, ಕೆಲವರು ಊರು, ಕೇರಿ, ಮನೆದೇವರು ಎಂದು ಸುತ್ತಿ ಬಳಸಿ ಕೇಳಿದರು. ಉತ್ತರ ಕೇಳಿದ ಮೇಲೆ ಒಬ್ಬರ ಮನೆಗೆ ಇದ್ದಕ್ಕಿದ್ದಂತೆ ನೆಂಟರು ಬರುವುದಿತ್ತು, ಇನ್ನೊಬ್ಬರು ಮನೆಗೆ ಸುಣ್ಣ ಹೊಡೆಸುವವರಿದ್ದರು.

ಹನ್ನೆರಡನೆಯದು ಶಂಕರಮ್ಮನವರ ಮನೆ. ಗಂಡ ಮರುಳಸಿದ್ದಪ್ಪನವರು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಿತ್ತಲಿನ ಕಡೆಗೆ ಕಿಟಕಿಯಿದ್ದ ಕೋಣೆಯೊಂದು ಅವರಲ್ಲಿ ಖಾಲಿಯಿತ್ತು.

"ಯಾವ ಜನಾರೀ ನೀವು?" ಎಂದು ಶಂಕರಮ್ಮ ಕೇಳಿದರು.

"ಬೌದ್ಧರು ಅಮ್ಮ."

"ಬೌದ್ಧರು ಅಂದ್ರೆ ಆ ಜೈನರಿದ್ದಂಗೆ ಅಲ್ಲೇನು? ಇರುವೆ ಸೈತ ತುಳಿಯಂಗಿಲ್ಲ?"

"ನಮ್ಮಲ್ಲಿ ಅಹಿಂಸೆ ಅಂತ ಹೇಳ್ತಾರಮ್ಮ."

"ಹಂಗಾದ್ರೆ ನೀವು ನಮಗಿಂತ ಒಂದು ಕೈ ಮ್ಯಾಲೆ ಬಿಡ್ರಿ! ನಮ್ಮ ಮನ್ಯಾಗೆ ಮೊಟ್ಟೆ, ಮಾಂಸದ ವಾಸ್ನೆ ಸುಳಿಯಂಗಿಲ್ಲ. ಅದೊಂದೇ ನನ್ನ ಕಂಡೀಷನ್ನು. ನಿಮಗೆ ಅದನ್ನ ಹೇಳಾ ಅವಶ್ಯಕತೆನೇ ಇಲ್ಲ."

ಯಶೋಧರಾ ತುಟಿ ಬಿಚ್ಚಲಿಲ್ಲ. ಹನ್ನೊಂದು ಮನೆಗಳನ್ನು ಅಲೆದು ಅವಳ ಕಾಲು ಸೋತಿತ್ತು. ಅದೇ ಸಂಜೆ ಚಾಪೆ, ಸ್ಟೌವು, ಎರಡು ಚೀಲ ತಂದು ಒಳಗಿಟ್ಟಳು.

ನಲ್ಲೂರಿನ ಮನೆಯಲ್ಲಿ ಆಕೆ ಮೊಟ್ಟೆ, ಮೀನು ತಿಂದು ಬೆಳೆದವಳು. ಮೊದಲ ತಿಂಗಳು ಬಿಟ್ಟೇ ಇದ್ದಳು. ಎರಡನೆಯ ತಿಂಗಳು ಜ್ವರ ಬಂದು ಏಳಲಾಗದೆ ಮಲಗಿದಾಗ ಒಂದು ಮೊಟ್ಟೆ ಬೇಯಿಸಿಕೊಂಡಳು. ಅಲ್ಲಿಂದ ಅದು ವಾರಕ್ಕೆರಡು ಸಲದ ಕಳ್ಳತನವಾಯಿತು. ಕಿಟಕಿ ಮುಚ್ಚಬೇಕು, ಊದುಬತ್ತಿ ಹಚ್ಚಬೇಕು, ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಹಾಲುಪುಡಿಯ ಹಳೆಯ ಡಬ್ಬಿಯಲ್ಲಿ ತುಂಬಿ, ಶನಿವಾರ ಶಾಲೆಯ ದಾರಿಯಲ್ಲಿ ಎಸೆಯಬೇಕು. ಇತ್ತ ಶಂಕರಮ್ಮನ ಅಕ್ಕರೆ ದಿನದಿನಕ್ಕೂ ಹೆಚ್ಚುತ್ತಿತ್ತು. ಬಿಸಿ ರೊಟ್ಟಿ ಮಾಡಿದ ದಿನ ಎರಡು ರೊಟ್ಟಿ ತಪ್ಪದೆ ಕೋಣೆಗೆ ಬರುತ್ತಿದ್ದವು. "ನಮ್ಮ ಟೀಚರಮ್ಮ ಬಲು ಶುದ್ಧ" ಎಂದು ಅವರು ಕೇರಿಗೆಲ್ಲ ಹೇಳುವರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಕೋಣೆ ಇನ್ನಷ್ಟು ಸಣ್ಣದಾದಂತೆ ಅವಳಿಗೆ ಅನಿಸುತ್ತಿತ್ತು. ತಂದೆ ನೋಡಲು ಬಂದರೆ ಬಸ್‌ ನಿಲ್ದಾಣದಲ್ಲಿಯೇ ಕೂರಿಸಿ, ಚಹಾ ಕುಡಿಸಿ, ಅಲ್ಲಿಂದಲೇ ಕಳುಹಿಸುವಳು. "ಮನೆ ಭಾಳ ದೂರ ಐತಪ್ಪ" ಎನ್ನುವಳು. ಮನೆ ಇದ್ದದ್ದು ನಿಲ್ದಾಣದಿಂದ ಎರಡು ಬೀದಿ ಆಚೆ. ಎರಡು ವರ್ಷ ಹೀಗೆ ಕಳೆದವು.

ಎರಡನೆಯ ವರ್ಷದ ಕೊನೆಯಲ್ಲಿ, ಮಕ್ಕಳು ಪುಸ್ತಕದ ಚೀಲವಿಲ್ಲದೆ ಶಾಲೆಗೆ ಬರುವ ಶನಿವಾರವು ಈಸ್ಟರ್ ಹಬ್ಬದ ಹಿಂದಿನ ದಿನವೇ ಬಿದ್ದಿತು. ಆ ಶಾಲೆಯಲ್ಲಿ ಕ್ರೈಸ್ತರ ಮಕ್ಕಳು ಒಬ್ಬರೂ ಇರಲಿಲ್ಲ. ಆದರೂ ಲೋಕದ ಮಕ್ಕಳು ಹಬ್ಬವನ್ನು ಹೇಗೆ ಮಾಡುತ್ತಾರೆಂದು ತೋರಿಸಬೇಕೆಂದು ಆಕೆಗೆ ಆಸೆ. ಗ್ರೀಸ್ ದೇಶದಲ್ಲಿ ಮೊಟ್ಟೆಗೆ ಕೆಂಪು ಬಣ್ಣ ಹಾಕಿ, ಒಬ್ಬರ ಮೊಟ್ಟೆಯನ್ನು ಇನ್ನೊಬ್ಬರ ಮೊಟ್ಟೆಗೆ ಕುಟ್ಟಿ, ಯಾರದು ಒಡೆಯುವುದಿಲ್ಲವೋ ಅವರಿಗೆ ಅದೃಷ್ಟವೆನ್ನುತ್ತಾರೆ. ಉಕ್ರೇನಿನಲ್ಲಿ ಕರಗಿದ ಮೇಣದಿಂದ ಮೊಟ್ಟೆಯ ಮೇಲೆ ಗೆರೆ ಎಳೆದು ಬಣ್ಣದಲ್ಲಿ ಅದ್ದುತ್ತಾರೆ. ಮೇಣವಿದ್ದಲ್ಲಿ ಬಿಳಿ ಉಳಿಯುತ್ತದೆ. ಜರ್ಮನಿಯಲ್ಲಿ ಬರಿದು ಮಾಡಿದ ಚಿಪ್ಪುಗಳನ್ನು ಗಿಡದ ಕೊಂಬೆಗಳಿಗೆ ತೂಗುಬಿಡುತ್ತಾರೆ. ಇಂಗ್ಲೆಂಡಿನ ಕೆಲವು ಊರುಗಳಲ್ಲಿ ಮಕ್ಕಳು ಗುಡ್ಡದಿಂದ ಮೊಟ್ಟೆ ಉರುಳಿಸುತ್ತಾರೆ. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ಹಿಡಿದು ತೋರಿಸಬೇಕೆಂದು ಆಕೆ ನಿಶ್ಚಯಿಸಿದಳು.

ಗುಡ್ ಫ್ರೈಡೇ ರಜೆಯ ದಿನ ಬಾಗಿಲು ಹಾಕಿಕೊಂಡು ಆರು ಮೊಟ್ಟೆ ಬೇಯಿಸಿದಳು. ಮೇಣದಬತ್ತಿ ಹಚ್ಚಿ, ಗುಂಡುಪಿನ್ನಿನ ತಲೆಯನ್ನು ಮೇಣದಲ್ಲಿ ಅದ್ದಿ, ಮೊಟ್ಟೆಯ ಮೇಲೆ ಚುಕ್ಕಿಗಳನ್ನೂ ತ್ರಿಕೋನಗಳನ್ನೂ ಬರೆದಳು. ಇನ್ನು ಕೆಂಪು ಬೇಕು. ಅಂಗಡಿಯ ಬಣ್ಣವನ್ನು ಮಕ್ಕಳು ತಿನ್ನುವ ಪದಾರ್ಥಕ್ಕೆ ಹಾಕಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಅರಿಶಿಣವಿತ್ತು, ಎಲೆಯಡಿಕೆಯ ಸುಣ್ಣವಿತ್ತು. ಎರಡನ್ನೂ ನೀರಿನಲ್ಲಿ ಕದಡಿದರೆ ಆರತಿ ತಟ್ಟೆಯ ಓಕುಳಿಗೆ ಬರುವ ಕೆಂಪೇ ಬಂತು. ಮೊಟ್ಟೆಗಳನ್ನು ಅದರಲ್ಲಿ ಬಹಳ ಹೊತ್ತು ನೆನೆಸಿ, ಒಣಗಲೆಂದು ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಸಂಜೆ ನೋಡಿದರೆ ಐದೇ ಇದ್ದವು. ಬೆಕ್ಕು ಒಯ್ದಿರಬೇಕೆಂದುಕೊಂಡು ಐದನ್ನೂ ಚೀಲಕ್ಕೆ ಹಾಕಿದಳು. ಮರುದಿನ ಮಕ್ಕಳು ಅವನ್ನು ಕುಟ್ಟಿ ಕುಟ್ಟಿ ಒಡೆದು, ಉಪ್ಪು ಹಾಕಿಕೊಂಡು ತಿಂದರು. ಅಷ್ಟು ಸಂತೋಷದ ದಿನ ಆ ಶಾಲೆಯಲ್ಲಿ ತಾನು ಕಂಡಿರಲಿಲ್ಲವೆಂದು ಆಕೆ ನನಗೆ ಹೇಳಿದ್ದಾಳೆ.

ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಶಂಕರಮ್ಮ ಚೀರಿದರು.

ಬಚ್ಚಲ ಒಲೆಗೆಂದು ಕಿಟಕಿಯ ಕೆಳಗೆ ತೆಂಗಿನ ಸಿಪ್ಪೆಯ ರಾಶಿ ಹಾಕಿದ್ದರು. ಉರುಳಿ ಬಿದ್ದ ಆರನೆಯ ಮೊಟ್ಟೆ ಆ ನಾರಿನ ಮೇಲೆ ಒಡೆಯದೆ ಕುಳಿತಿತ್ತು. ಅರಿಶಿಣ ಸುಣ್ಣದ ಕೆಂಪು, ಮೈ ತುಂಬ ತ್ರಿಕೋನ, ಚುಕ್ಕಿ. ನಮ್ಮ ಕಡೆಯಲ್ಲಿ ಅಂಥ ಮೊಟ್ಟೆಯನ್ನು ಮನೆಯ ಬಳಿ ಕಂಡವರು ಬೇರೆ ಏನನ್ನೂ ಯೋಚಿಸುವುದಿಲ್ಲ. ಮೇಲಾಗಿ ಮಗಳು ಕಾವ್ಯಶ್ರೀ ಎಂಟು ತಿಂಗಳ ಬಸುರಿ. ಬಾಣಂತನಕ್ಕೆಂದು ಬಂದು ಇನ್ನೂ ಒಂದು ವಾರವಾಗಿರಲಿಲ್ಲ.

"ಮಾಟ ಮಾಡ್ಸ್ಯಾರೆ ಕಣ್ರೀ! ನನ್ನ ಮಗಳ ಹೊಟ್ಟಿ ಮ್ಯಾಲೆ ಕಣ್ಣು ಬಿದ್ದೈತೆ!"

ಮರುಳಸಿದ್ದಪ್ಪನವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದರು. "ಕೊಳ್ಳಾಗೆ ಲಿಂಗ ಕಟ್ಕಂಡು ಕೋಳಿ ಮೊಟ್ಟಿಗೆ ಹೆದರ್ತೀಯಲ್ಲೇ!"

"ನಿಮಗೇನು ಗೊತ್ತಾಕ್ಕೈತೆ? ನೀವೇನು ಹಡೀತೀರಾ?"

ಯಶೋಧರಾ ಕಿಟಕಿಯಲ್ಲಿ ನಿಂತು ಮೊಟ್ಟೆಯನ್ನು ಗುರುತಿಸಿದಳು. ಆಗಲೇ ಹೇಳಬಹುದಿತ್ತು. ಹೇಳಿದರೆ ಕೋಣೆ ಹೋಗುತ್ತದೆ, ಹದಿಮೂರನೆಯ ಮನೆ ಹುಡುಕಬೇಕು. ಅಷ್ಟರಲ್ಲಿ ಶಂಕರಮ್ಮ ಮಾಟ ಮಾಡಿಸಿದವಳನ್ನು ಹುಡುಕಿಯೂ ಬಿಟ್ಟಿದ್ದರು.

ಪಾತ್ರೆ ತೊಳೆಯಲು ಬರುವ ಓಬವ್ವ ಎಂಬ ಮುದುಕಿ ಗುರುವಾರ ಕಾವ್ಯಶ್ರೀಯನ್ನು ನೋಡಿ, "ಹೊಟ್ಟಿ ಗುಂಡಗೈತೆ, ಹೆಣ್ಣೇ ಆಕ್ಕೈತೆ ನೋಡವ್ವ" ಎಂದಿದ್ದಳು. ಗಂಡುಮಗುವಿಗೆ ಹರಕೆ ಹೊತ್ತಿದ್ದ ಶಂಕರಮ್ಮನಿಗೆ ಆ ಮಾತು ಮುಳ್ಳಾಗಿ ನಟ್ಟಿತ್ತು. ಹಿತ್ತಲಿಗೆ ಬರುವವಳೂ ಅವಳೊಬ್ಬಳೇ. ಆ ಬೆಳಿಗ್ಗೆ ಓಬವ್ವ ಬಂದಾಗ ಹಿತ್ತಲ ಗೇಟು ತೆರೆಯಲಿಲ್ಲ.

"ಅಮ್ಮಾರೆ, ನನಗೆ ಮೂರು ಮಕ್ಳು ಅದಾವೆ. ನಾನ್ಯಾಕೆ ಇಂಥದ್ದು ಮಾಡ್ಲಿ?"

"ನೀನು ಮಾಡ್ದಿದ್ರೆ ಇನ್ಯಾರು ಮಾಡ್ತಾರೆ? ಮೊಟ್ಟೆ ತಿನ್ನೋ ಜನ ಈ ಕಾಂಪೌಂಡಿನಾಗೆ ಯಾರವ್ರೇ?"

ಕಿಟಕಿಯ ಒಳಗೆ ಯಶೋಧರಾ ಎರಡು ಹೆಜ್ಜೆ ಹಿಂದೆ ಸರಿದಳು.

ಮೊಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಅದನ್ನು ತೆಗೆಯಲು ಜಗಳೂರಿನ ಕಡೆಯಿಂದ ಮಾಟ ಬಿಡಿಸುವವರೊಬ್ಬರು ಅಮಾವಾಸ್ಯೆಗೆ ಬರುವವರಿದ್ದರು. ಅಲ್ಲಿಯವರೆಗೆ ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಕಲ್ಲು ಹೇರಿದರು. ಬುಟ್ಟಿ ಯಶೋಧರೆಯ ಕಿಟಕಿಯ ನೇರ ಕೆಳಗೆ. ಸ್ಟೌವಿನ ಮುಂದಿನಿಂದ ಎದ್ದರೂ ಕಾಣುತ್ತದೆ, ಚಾಪೆಯಿಂದ ಎದ್ದರೂ ಕಾಣುತ್ತದೆ. ಕಿಟಕಿ ಮುಚ್ಚಿದರೆ ಬೇಸಿಗೆಯ ಸೆಕೆಗೆ ಉಸಿರು ಕಟ್ಟುತ್ತದೆ. ಸೋಮವಾರ ಶಾಲೆಗೆ ಹೋಗುವಾಗ ಆ ಬೀದಿಯ ಇನ್ನೆರಡು ಮನೆಯವರು ಓಬವ್ವನನ್ನು ಕೆಲಸದಿಂದ ಬಿಡಿಸಿದರೆಂದು ಕೇಳಿದಳು. ಮಂಗಳವಾರ ಮತ್ತೆ ಮೂವರು. ಕಾವ್ಯಶ್ರೀ ಊಟ ಬಿಟ್ಟು ಮಲಗಿದ್ದಳು. ಶಂಕರಮ್ಮ ಎಂದಿನಂತೆ ರೊಟ್ಟಿ ತಂದು, "ನೀವಾದ್ರೂ ಒಳ್ಳೇ ಜನ ಮನ್ಯಾಗಿದ್ದೀರಿ, ಅದೊಂದು ಧೈರ್ಯ ನೋಡ್ರಿ" ಎಂದರು.

ಬುಧವಾರ ಬೆಳಿಗ್ಗೆ ಓಬವ್ವ ಗೇಟಿನ ಆಚೆ ನೆಲದ ಮೇಲೆ ಕುಳಿತುಬಿಟ್ಟಳು. "ಯಾರೂ ಕೆಲ್ಸಕ್ಕೆ ಕರೀತಿಲ್ಲ ಅಮ್ಮಾರೆ. ಮಾಟದಾಕಿ ಅಂತ ಮಕ್ಳು ಓಡಿ ಹೋಗ್ತಾವೆ. ನಾನೇನು ತಪ್ಪು ಮಾಡೀನಿ, ಅದನ್ನಾದ್ರೂ ಹೇಳ್ರಿ."

ಯಶೋಧರಾ ಶಾಲೆಯ ಚೀಲ ಕೆಳಗಿಟ್ಟು ಹೊರಗೆ ಬಂದಳು.

"ಅಮ್ಮ, ಆ ಮೊಟ್ಟೆ ನಂದು. ಶಾಲೆ ಮಕ್ಕಳಿಗೆ ತೋರಿಸಾಕೆ ಬಣ್ಣ ಹಾಕಿದ್ದೆ. ಕಿಟಕಿಯಿಂದ ಬಿದ್ದೈತೆ."

ಶಂಕರಮ್ಮ ಆಕೆಯ ಮುಖವನ್ನು ಕನಿಕರದಿಂದ ನೋಡಿದರು. "ನಿಮ್ಮ ಕರುಳು ದೊಡ್ಡದು ಟೀಚರಮ್ಮ. ಈ ಮುದುಕಿನ ಉಳಿಸಾಕೆ ಹೋಗಿ ಇಂಥಾ ಸುಳ್ಳು ಹೇಳಬ್ಯಾಡ್ರಿ. ನೀವು ಮೊಟ್ಟೆ ಮುಟ್ಟೋರಾ? ಯಾರ ಮುಂದೆ ಹೇಳ್ತೀರಿ ಇದನ್ನ?"

"ಬ್ಯಾಡ ತಾಯಿ" ಎಂದು ಓಬವ್ವನೂ ಗೇಟಿನ ಆಚೆಯಿಂದ ಕೈ ಮುಗಿದಳು. "ನನ್ನ ಸಲುವಾಗಿ ನಿಮ್ಮ ಹೆಸರು ಕೆಡಿಸ್ಕಬ್ಯಾಡ್ರಿ."

ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ ಫಲವಾಗಿ ಈಗ ನಿಜವನ್ನು ಯಾರೂ ನಂಬುತ್ತಿರಲಿಲ್ಲ. ಯಶೋಧರಾ ಕೋಣೆಗೆ ಹೋಗಿ ಹಾಲುಪುಡಿಯ ಡಬ್ಬಿ ತಂದಳು. ಎಲ್ಲರ ಮುಂದೆ ಅದರ ಮುಚ್ಚಳ ತೆಗೆದು ಅಂಗಳದಲ್ಲಿ ಸುರಿದಳು. ಹಬ್ಬದ ಗಡಿಬಿಡಿಯಲ್ಲಿ ಶನಿವಾರ ಎಸೆಯಲು ಮರೆತಿದ್ದ ಮೊಟ್ಟೆಯ ಸಿಪ್ಪೆಗಳು, ಕರಗಿದ ಮೇಣದ ಚೂರು, ಕೆಂಪು ಹತ್ತಿದ ಗುಂಡುಪಿನ್ನು, ಎಲ್ಲವೂ ಹರಡಿಕೊಂಡವು.

"ನಾನು ಮೊಟ್ಟೆ ತಿಂತೀನಿ ಅಮ್ಮ. ನಮ್ಮ ಮನ್ಯಾಗೆ ಎಲ್ಲಾರೂ ತಿಂತಾರೆ, ಮೀನು, ಮಾಂಸ ಎಲ್ಲಾನೂ. ನೀವು ತಿಳ್ಕಂಡಂಥ ಜನ ಅಲ್ಲ ನಾವು. ನಮ್ಮಪ್ಪ ನಲ್ಲೂರಾಗೆ ಕೂಲಿ ಮಾಡ್ತಾರೆ. ಆವತ್ತೇ ಹೇಳಬೇಕಿತ್ತು, ಹೇಳ್ಲಿಲ್ಲ."

ಮರುಳಸಿದ್ದಪ್ಪನವರು ಹೋಗಿ ಕಲ್ಲು ಇಳಿಸಿ ಬುಟ್ಟಿ ಎತ್ತಿದರು. ಮೊಟ್ಟೆಯನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು, ಪಿನ್ನಿನ ತಲೆಯನ್ನು ಚುಕ್ಕಿಗಳಿಗೆ ಹೊಂದಿಸಿ ನೋಡಿದರು. ಕಾವ್ಯಶ್ರೀ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು.

"ಅಕ್ಕಾ, ಇದು ಬರೇ ಅರಿಶಿಣ ಸುಣ್ಣಾನಾ?"

"ಬರೇ ಅರಿಶಿಣ ಸುಣ್ಣ ಕಾವ್ಯಾ. ನಿನಗೇನೂ ಆಗಲ್ಲ."

ಹುಡುಗಿ ನಗಲು ಹೋಗಿ ಅತ್ತಳು. ನಾಲ್ಕು ದಿನದಿಂದ ಊಟ ಬಿಟ್ಟಿದ್ದವಳು, "ಅವ್ವಾ, ಹಸಿವಾಗೈತೆ" ಎಂದಳು.

ಶಂಕರಮ್ಮ ಮಗಳ ಕಡೆ ನೋಡಲಿಲ್ಲ. ಸಿಪ್ಪೆಗಳನ್ನೇ ನೋಡುತ್ತಿದ್ದರು. "ಎರಡು ವರ್ಷ ನನ್ನ ಕೈಯಿಂದ ರೊಟ್ಟಿ ಇಸ್ಕಂಡ್ರಲ್ಲ" ಎಂದರು. ಬೈಗಳಿಗಿಂತ ಅದೇ ಹೆಚ್ಚು ನೋಯಿಸಿತೆಂದು ಯಶೋಧರಾ ಹೇಳುತ್ತಾಳೆ. ಆಮೇಲೆ, "ಈ ತಿಂಗಳು ಇರ್ರಿ. ಮುಂದಿನ ತಿಂಗಳು ಬ್ಯಾರೆ ನೋಡ್ಕಳ್ರಿ" ಎಂದು ಒಳಗೆ ಹೋದರು.

ಓಬವ್ವ ಸೀರೆ ಕೊಡವಿಕೊಂಡು ಎದ್ದಳು. ಯಶೋಧರಾ ಗೇಟಿನ ಬಳಿ ಹೋದಳು. ಕ್ಷಮೆ ಕೇಳಬೇಕೆಂದಿದ್ದಳು.

"ಭಾನುವಾರ ನೀವು ಕಿಟಕ್ಯಾಗೆ ನಿಂತಿದ್ರಿ" ಎಂದಳು ಓಬವ್ವ. "ನಾನು ನೋಡ್ದೆ. ಪಾಪ, ಟೀಚರಮ್ಮಂಗೂ ನನ್ನ ಕಂಡು ಭಯ ಆಗೈತೆ ಅಂದ್ಕಂಡೆ."

ಅಷ್ಟು ಹೇಳಿ ಹೊರಟುಹೋದಳು. ಮರುದಿನ ಶಂಕರಮ್ಮನವರೇ ಅವಳ ಮನೆಗೆ ಹೋಗಿ ಕೆಲಸಕ್ಕೆ ಕರೆದರು. ಕೇರಿಯ ಉಳಿದ ಮನೆಯವರೂ ಒಬ್ಬೊಬ್ಬರಾಗಿ ಕರೆದರು, ಇಬ್ಬರನ್ನು ಬಿಟ್ಟು.

ಯಶೋಧರಾ ತಿಂಗಳು ಮುಗಿಯುವವರೆಗೆ ಆ ಕೋಣೆಯಲ್ಲಿಯೇ ಇದ್ದಳು. ಯಾರೂ ಬೈಯಲಿಲ್ಲ, ಯಾರೂ ಮಾತಾಡಲಿಲ್ಲ. ಹೊರಗೆ ಹೋಗುವಾಗ ಅಂಗಳ ದಾಟುವುದೇ ಒಂದು ಪ್ರಯಾಣ. ಬೇರೆ ಕೋಣೆ ಸಿಗಲಿಲ್ಲ. ನಲ್ಲೂರಿಗೇ ಹಿಂದಿರುಗಿ ದಿನಾ ಎರಡು ಬಸ್ಸು ಹಿಡಿಯುವುದೆಂದು ತೀರ್ಮಾನಿಸಿದಳು.

ಸಾಮಾನು ಸಾಗಿಸುವ ದಿನ ತಂದೆ ಭೀಮೇಶ್ ಆಟೋ ತಂದರು. ಆ ಮನೆಯ ಗೇಟಿನೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಓಬವ್ವ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಒಂದು ತಿಂಗಳಿಂದ ಯಶೋಧರೆಯ ಜೊತೆ ಒಂದು ಮಾತೂ ಆಡಿರಲಿಲ್ಲ. ತಂದೆ ಮಗಳು ಪುಸ್ತಕದ ಪೆಟ್ಟಿಗೆಯನ್ನು ಎತ್ತಲಾರದೆ ಎತ್ತುವುದನ್ನು ಕಂಡು ಕೈ ಒರೆಸಿಕೊಂಡು ಬಂದಳು. ಒಂದು ಕಡೆ ಹಿಡಿದು, ಆಟೋದಲ್ಲಿ ಇಟ್ಟು, ಅದು ಅಲುಗದಂತೆ ಚಾಪೆಯ ಸುರುಳಿಯನ್ನು ಒತ್ತಿ ಸಿಕ್ಕಿಸಿದಳು.

"ಇನ್ನೊಂದು ಸಲ ಏನಾರ ಆದ್ರೆ" ಎಂದಳು, ಮುಖ ನೋಡದೆ, "ಮೊದಲ್ನೇ ದಿನಾನೇ ಬಾಯಿ ಬಿಡ್ರಿ ಟೀಚರಮ್ಮ."

"ಆಗಲಿ ಓಬವ್ವ" ಎಂದು ಯಶೋಧರಾ ತಂದೆಯ ಪಕ್ಕದಲ್ಲಿ ಹತ್ತಿ ಕುಳಿತಳು.