ನೀಲಿ ಟಾರ್ಪಾಲಿನ ಸೇನಾಪತಿ

ಜಪಾನಿನ ಕವಾಗುಚಿ ಪಟ್ಟಣದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯೊಂದಕ್ಕೆ ಸೇರಿದಾಗ ತೋಕುಜಿ ಏನಾಗಿದ್ದನೋ ನಿವೃತ್ತನಾಗುವಾಗಲೂ ಹೆಚ್ಚುಕಡಿಮೆ ಅದೇ ಆಗಿದ್ದ. ಅವನ ಹತ್ತಿರ ಕೆಲಸ ಕಲಿತವರು ಒಬ್ಬೊಬ್ಬರಾಗಿ ಮೇಲಿನ ಕುರ್ಚಿಗಳನ್ನು ಏರಿ ಕೂತರು. ಅವನು ಮಾತ್ರ ಅದೇ ಗೋದಾಮಿನಲ್ಲಿ ಅದೇ ಪೆಟ್ಟಿಗೆಗಳ ನಡುವೆ ಉಳಿದ. ಆದರೆ ವರ್ಷಕ್ಕೊಂದು ದಿನ, ಚೆರ್ರಿ ಅರಳಿದ ದಿನ, ಯಜಮಾನನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರೂ ತೋಕುಜಿಯ ಮುಖ ನೋಡುತ್ತಿದ್ದರು. ಅರಳಿದ ಮರದ ಕೆಳಗೆ ಎಲ್ಲರೂ ಕೂತು ಉಣ್ಣುವ ಹೂವಿನ ಔತಣಕ್ಕೆ ಹೊಳೆದಂಡೆಯ ಉದ್ಯಾನದಲ್ಲಿ ಜಾಗ ಹಿಡಿಯುವವನು ಅವನೇ.

ಇದು ಹೊಸದಾಗಿ ಸೇರಿದವರ ತಲೆಗೆ ಕಟ್ಟುವ ಕೆಲಸ. ತೋಕುಜಿಯ ತಲೆಗೂ ಹಾಗೆಯೇ ಕಟ್ಟಿದ್ದರು. ಮೊದಲ ವರ್ಷವೇ ಅವನು ಎಂಥ ಮರ ಹಿಡಿದನೆಂದರೆ, ಆಮೇಲೆ ಆ ಪಟ್ಟದಿಂದ ಅವನನ್ನು ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಬೆಳಕು ಹರಿಯುವ ಮೊದಲೇ ನೀಲಿ ಟಾರ್ಪಾಲನ್ನು ಹೆಗಲ ಮೇಲೆ ಹೊತ್ತು ಉದ್ಯಾನಕ್ಕೆ ನುಗ್ಗುತ್ತಿದ್ದ. ಹಾಸುತ್ತಿದ್ದ, ಮೂಲೆಗಳಿಗೆ ಕಲ್ಲು ಹೇರುತ್ತಿದ್ದ, ಸಂಜೆಯವರೆಗೆ ಕದಲುತ್ತಿರಲಿಲ್ಲ. ಬ್ಯಾಂಕಿನವರು ತಮ್ಮ ಹಾಸನ್ನು ಗೇಣುಗೇಣಾಗಿ ಇತ್ತ ಸರಿಸಿದ ವರ್ಷ ಅವನು ಗಡಿಯ ಮೇಲೇ ಮಲಗಿಬಿಟ್ಟ. ವಿಮಾ ಕಂಪನಿಯ ಹೆಂಗಸರು ಚಹಾ ಕೊಟ್ಟು, ಮಾತಿಗೆಳೆದು, ನಗುನಗುತ್ತಲೇ ದಂಡೆತ್ತಿ ಬಂದ ವರ್ಷ ಚಹಾ ಕುಡಿದ, ಚೆನ್ನಾಗಿ ನಕ್ಕ, ಒಂದು ಅಂಗುಲವನ್ನೂ ಬಿಡಲಿಲ್ಲ.

ಇಷ್ಟೆಲ್ಲ ಪರಾಕ್ರಮ ನಡೆದರೂ ಅವನ ಹೆಂಡತಿ ಕಿನುಯೊ ಅದನ್ನು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಅವಳದು ಹೆಂಗಸರ ಕೂದಲು ಕತ್ತರಿಸಿ ಸಿಂಗರಿಸುವ ಸಣ್ಣ ಅಂಗಡಿ. ಚೆರ್ರಿ ಅರಳುವ ದಿನಗಳಲ್ಲೇ ಶಾಲೆ ಮುಗಿಸುವವರ ಸಮಾರಂಭ, ಶಾಲೆ ಸೇರುವವರ ಸಮಾರಂಭ. ಊರಿನ ತಾಯಂದಿರೆಲ್ಲ ಅವಳ ಕುರ್ಚಿಯಲ್ಲಿ ತಲೆ ಒಪ್ಪಿಸಿ ಕೂರುತ್ತಿದ್ದರು. ಅವಳಿಗೆ ಬಿಡುವಾಗುವ ಹೊತ್ತಿಗೆ ಕವಾಗುಚಿಯ ಮರಗಳಲ್ಲಿ ಬರೀ ಎಲೆ. ಉತ್ತರದ ಬೆಟ್ಟಗಳ ನಡುವಿನ ಅವಳ ತವರು ಕುರುಮಿಸಾವಾದಲ್ಲಿ ಹೂವು ತಡವಾಗಿ ಬರುತ್ತದೆ. ಆದರೆ ಆಗ ಪೆಟ್ಟಿಗೆ ಕಾರ್ಖಾನೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಮದುವೆಯಾದ ವರ್ಷ ಕಿನುಯೊ ಒಮ್ಮೆ ಅಂದಿದ್ದಳು: "ನಮ್ಮೂರ ಬಿತ್ತನೆ ಮರದ ಕೆಳಗೆ ನಾವಿಬ್ಬರೂ ಒಂದ್ಸಲ ಕೂರಬೇಕು ಕಣ್ರೀ." ಮತ್ತೆ ಆ ಮಾತು ಎತ್ತಿರಲಿಲ್ಲ. ಎತ್ತದೆ ಇದ್ದುದೇ ತೋಕುಜಿಗೆ ಚುಚ್ಚುತ್ತಿತ್ತು.

ನಿವೃತ್ತಿಯ ನಂತರದ ಮೊದಲ ವಸಂತದಲ್ಲಿ ಅವನು ರಣಕಹಳೆ ಊದಿದ: ಈ ಸಲ ಕುರುಮಿಸಾವಾದ ಮರದ ಕೆಳಗೆ ಇಬ್ಬರೂ ಕೂರುವುದು. ಅಂಗಡಿಗೆ ಮಂಗಳವಾರ ರಜೆ. ಅವಳು ಅಂದು ಮೊದಲ ರೈಲಿಗೆ ಬಂದು ಸಂಜೆಯ ಬಸ್ಸಿಗೆ ಹೊರಡಬೇಕು. ಸಿಗುವುದು ಅದೊಂದೇ ದಿನ. ಮುಂದಿನ ಮಂಗಳವಾರಕ್ಕೆ ಹೂವು ಕಾಯುವುದಿಲ್ಲ. ಅಂಥ ದಿನ ಮರದ ಕೆಳಗೆ ಒಳ್ಳೆಯ ಜಾಗ ಸಿಗದೆ ಹೋದರೆ? ತೋಕುಜಿ ಟಾರ್ಪಾಲು ಮಡಚಿಕೊಂಡು ಭಾನುವಾರವೇ ಹೊರಟ.

"ಭಾವ, ಇದೇನಿದು?" ಎಂದ ಕಿನುಯೊಳ ತಮ್ಮ ಗೆನ್ಸಾಕು, ಅವನ ಹೆಗಲ ಮೇಲಿನ ಹೊರೆ ನೋಡಿ.

"ಜಾಗ ಹಿಡಿಯೋಕೆ."

"ಯಾರಿಂದ? ಊರಲ್ಲಿರೋರೇ ಇಪ್ಪತ್ತು ಜನ ಇಲ್ಲ. ಅದ್ರಲ್ಲಿ ಅರ್ಧ ಜನಕ್ಕೆ ಆ ದಿಣ್ಣೆ ಹತ್ತೋಕೆ ಆಗಲ್ಲ."

"ಶತ್ರು ಯಾವ ಕಡೆಯಿಂದ ಬರ್ತಾನೆ ಅಂತ ಹೇಳೋಕಾಗಲ್ಲ ಗೆನ್ಸಾಕು."

"ಕರಡಿ ಬರಬಹುದು. ಅದಕ್ಕೂ ಜಾಗ ಬೇಕಾಗಿರಲ್ಲ, ನೀವೇ ಬೇಕಾಗಿರ್ತೀರಿ."

ಮರ ಗದ್ದೆಗಳ ಮೇಲಿನ ದಿಣ್ಣೆಯಲ್ಲಿ ಒಂಟಿಯಾಗಿ ನಿಂತಿತ್ತು. ಅದು ಅರಳಿದ ಮೇಲೆಯೇ ಊರವರು ಭತ್ತದ ಬೀಜ ನೆನೆಹಾಕುವುದು. ಅಂದು ಹತ್ತಬಲ್ಲವರೆಲ್ಲ ಚಾಪೆ ಹಿಡಿದು ಬರುತ್ತಾರೆ, ಒಬ್ಬರ ಚಾಪೆಯ ಅಂಚಿನ ಮೇಲೆ ಇನ್ನೊಬ್ಬರ ಚಾಪೆ ಏರಿಸಿ ಹಾಸುತ್ತಾರೆ. ಅಲ್ಲಿ ಗಡಿ ಎಂಬ ಮಾತೇ ಇಲ್ಲ. ಗೆನ್ಸಾಕು ಇದನ್ನು ಹೇಳಿನೋಡಿದ. ಗಡಿಯಿಲ್ಲದ ನಾಡೆಂದರೆ ರಕ್ಷಣೆಯಿಲ್ಲದ ನಾಡೆಂದು ಸೇನಾಪತಿಗೆ ಇನ್ನಷ್ಟು ಚಿಂತೆಯಾಯಿತು.

ಸೋಮವಾರ ಬಿಸಿಲೇರಿ ಮೊಗ್ಗುಗಳು ಪಟಪಟನೆ ಬಾಯಿಬಿಟ್ಟವು. ತೋಕುಜಿ ಬೇರುಗಳ ನಡುವೆ ಸಮತಟ್ಟಾದ ಜಾಗ ಆರಿಸಿ ಟಾರ್ಪಾಲು ಹಾಸಿದ. ಮನೆಗೆ ಬಾರೆಂದು ಗೆನ್ಸಾಕು ಕರೆದರೂ ಇಳಿಯಲಿಲ್ಲ. ರಾತ್ರಿಯಿಡೀ ಬೆಟ್ಟದ ನೆತ್ತಿಯ ಹಿಮದಿಂದ ಇಳಿದು ಬಂದ ಚಳಿ ಅವನ ಮೂಳೆಗಳನ್ನು ಒಂದೊಂದಾಗಿ ವಿಚಾರಿಸಿಕೊಂಡಿತು. ಮಂಗಳವಾರ ಹೊತ್ತು ಮೂಡಿದ ಮೇಲೆ, ಇನ್ನು ಭಯವಿಲ್ಲವೆಂದು, ಟಾರ್ಪಾಲಿನ ಅರ್ಧವನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡು ನಿದ್ದೆಹೋದ. ಹಾಸಿನ ಮೇಲೆ ಬೂಟು ತುಳಿಯಬಾರದಲ್ಲ, ಬಿಚ್ಚಿ ಪಕ್ಕದಲ್ಲಿ ನೆಟ್ಟಗೆ ಜೋಡಿಸಿಟ್ಟಿದ್ದ.

ಸೊಪ್ಪು ಕೀಳಲು ದಿಣ್ಣೆ ಹತ್ತಿದ ಕುವಾ ಅಜ್ಜಿಗೆ ಅದು ಕಂಡಿತು. ನೀಲಿ ಟಾರ್ಪಾಲನ್ನು ಅವಳು ನೋಡಿದ್ದೆಲ್ಲ ಟಿವಿಯ ಸುದ್ದಿಯಲ್ಲಿ. ಪೊಲೀಸರು ಯಾವುದರ ಮೇಲೆ ಅದನ್ನು ಹೊದಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಸಾಯಲೆಂದು ಬೂಟನ್ನು ಹಾಗೆ ಜೋಡಿಸಿಟ್ಟು ಹೋದವರು ಮತ್ತೆ ಮೆಟ್ಟಲು ಬರುವುದಿಲ್ಲವೆಂದೂ ಗೊತ್ತಿತ್ತು. ಕೈ ಜೋಡಿಸಿ ಮಂತ್ರ ಗೊಣಗಿ, ತನ್ನ ವಯಸ್ಸನ್ನು ಮರೆತು ಇಳಿದಳು.

ರಸ್ತೆಯಲ್ಲಿ ಗೆನ್ಸಾಕುವಿನ ಪುಟ್ಟ ಟ್ರಕ್ಕು ಬರುತ್ತಿತ್ತು. ಬಸ್ಸಿಳಿದ ಕಿನುಯೊ ಮಡಿಲಲ್ಲಿ ಊಟದ ಡಬ್ಬಿಗಳ ಗಂಟು ಇಟ್ಟುಕೊಂಡು ಕೂತಿದ್ದಳು.

"ಗೆನ್ಸಾಕು! ಬಿತ್ತನೆ ಮರದ ಕೆಳಗೆ ಹೆಣ ಬಿದ್ದಿದೆ ಕಣೋ!"

ಗೆನ್ಸಾಕು ಹೊಟ್ಟೆ ಹಿಡಿದು ನಕ್ಕ. "ಅದು ಹೆಣ ಅಲ್ಲ ಅಜ್ಜಿ, ನಮ್ಮ ಭಾವ."

"ಭಾವನಾದ್ರೆ ಹೆಣ ಆಗಬಾರದೇನೋ? ಕೂಗಿದೆ, ಅಲ್ಲಾಡ್ಲಿಲ್ಲ. ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿದೆ. ಕಂದು ಬೂಟು, ಒಂದಕ್ಕೆ ಬಿಳಿ ಲೇಸು."

ಆ ಬಿಳಿ ಲೇಸನ್ನು ಕಟ್ಟಿದವಳು ಕಿನುಯೊ. ಗೆನ್ಸಾಕು ನಗುವುದನ್ನು ಬಿಟ್ಟ. "ಅಕ್ಕ, ರಾತ್ರಿ ಬಹಳ ಚಳಿ ಇತ್ತು. ನಾನು ಎಷ್ಟು ಕರೆದ್ರೂ..." ಅನ್ನುವಷ್ಟರಲ್ಲಿ ಅವಳು ಗಂಟಿನ ಸಮೇತ ಇಳಿದು ಓಡುತ್ತಿದ್ದಳು. ದಿಣ್ಣೆಯ ಮೇಲೆ ಮರ ಪೂರ್ತಿ ಅರಳಿ, ಆಕಾಶದ ಅಷ್ಟು ಭಾಗ ಕೆನೆಗಟ್ಟಿದಂತಿತ್ತು. ಅವಳಿಗೆ ಅದು ಕಾಣಲಿಲ್ಲ. ನೀಲಿ ಬಣ್ಣ ಒಂದೇ ಕಂಡಿತು.

"ರೀ!"

ಟಾರ್ಪಾಲು ಎಳೆದಳು. ಒಳಗಿನಿಂದ ಸೇನಾಪತಿ ದಡಬಡಿಸಿ ಎದ್ದು, ಎರಡೂ ಕೈ ಚಾಚಿ ಅಬ್ಬರಿಸಿದ: "ಈ ಜಾಗ ಹಿಡಿದಾಗಿದೆ! ಬೇರೆ ಕಡೆ ನೋಡ್ಕೊಳ್ಳಿ!"

ಕಿನುಯೊ ಅವನ ಭುಜಕ್ಕೆ ಎರಡೇಟು ಹಾಕಿದಳು. ಮೂರನೆಯದಕ್ಕೆ ಎತ್ತಿದ ಕೈ ಅವನ ಕೋಟನ್ನು ಹಿಡಿದುಕೊಂಡು ಬಿಡಲೇ ಇಲ್ಲ. "ಹೂವು ಹಾಳಾಗಿ ಹೋಗ್ಲಿ, ಮರ ಹಾಳಾಗಿ ಹೋಗ್ಲಿ," ಎಂದು ಅತ್ತಳು. ಏನು ತಪ್ಪಾಯಿತೆಂದು ತಿಳಿಯದ ತೋಕುಜಿ, "ಒಳ್ಳೇ ಜಾಗನೇ ಹಿಡಿದಿದ್ದೀನಲ್ಲ, ಬೇರು ಚುಚ್ಚಲ್ಲ," ಎಂದ.

ಅಷ್ಟರಲ್ಲಿ ಹೆಣದ ಸುದ್ದಿ ಹಳ್ಳಿಯ ಆ ತುದಿ ಮುಟ್ಟಿತ್ತು. ದಿಣ್ಣೆ ಹತ್ತಲಾಗದವರೂ ಹತ್ತಿ ಬಂದರು. ಹೆಣ ಎದ್ದು ಕೂತಿರುವುದನ್ನು ನೋಡಿ, ಬಂದದ್ದು ಬಂದೆವೆಂದು ಚಾಪೆ ತರಿಸಿದರು. ಅನ್ನದ ಉಂಡೆ ಬಂತು, ಮೂಲಂಗಿ ಉಪ್ಪಿನಕಾಯಿ ಬಂತು, ಅಕ್ಕಿಯ ಮದ್ಯ ಸಾಕೆಯ ದೊಡ್ಡ ಶೀಸೆ ಬಂತು. ಕುವಾ ಅಜ್ಜಿ ತನ್ನ ಚಾಪೆಯನ್ನು ಟಾರ್ಪಾಲಿನ ಮೇಲೆ ಮೊಳದಷ್ಟು ಏರಿಸಿ ಹಾಸಿದಳು. ತೋಕುಜಿ ಆ ಅಂಚನ್ನೇ ದಿಟ್ಟಿಸಿದ.

"ನನ್ನಿಂದ ಒಂದು ಮಂತ್ರ ಪುಕ್ಕಟೆ ಹೇಳಿಸ್ಕೊಂಡಿದ್ದೀಯಪ್ಪ," ಎಂದಳು ಅಜ್ಜಿ. "ಒಂದು ಮೊಳ ಜಾಗ ಕೊಡೋಕಾಗಲ್ವಾ?"

ಅವನು ಕೊಟ್ಟ. ಆದರೆ ಉಳಿದದ್ದನ್ನಾದರೂ ಕಾಯಬೇಕಲ್ಲ. ಎದ್ದು ಹೋಗಿ ಹಾಸಿನ ಮೂಲೆಯಲ್ಲಿ ರಸ್ತೆಗೆ ಮುಖ ಮಾಡಿ ನಿಂತ. ಮರದ ಕೆಳಗೆ, ಅಷ್ಟು ಒಳ್ಳೆಯ ಜಾಗದಲ್ಲಿ, ಕಿನುಯೊ ಒಬ್ಬಳೇ ಕೂತಿದ್ದಳು.

"ರೀ, ಈ ಜಾಗ ಯಾರಿಗೆ ಹಿಡಿದಿದ್ದು?"

"ನಿನಗೇ."

"ನಾನು ಬಂದಾಯ್ತಲ್ಲ. ಬನ್ನಿ ಇಲ್ಲಿ."

ಬಂದು ಕೂತ. ಕೂತರೂ ಕಣ್ಣು ಹಾಸಿನ ಅಂಚಿನ ಮೇಲೆಯೇ. ಕಿನುಯೊ, ಅಂಗಡಿಯಲ್ಲಿ ತಲೆ ತೊಳೆಯುವಾಗ ಮಾಡುವಂತೆ, ಅವನ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಮೆಲ್ಲನೆ ಹಿಂದಕ್ಕೆ ಬಾಗಿಸಿದಳು.

ಅವನ ಕಣ್ಣು ಕೊಂಬೆಗಳ ಹೂವಿನತ್ತ ತಿರುಗಿತು. ಬಾಯಿ ಅರ್ಧ ತೆರೆದಿತ್ತು.

"ಇಷ್ಟೊಂದು ಇರುತ್ತಾ?" ಎಂದ.

"ಪ್ರತಿ ವರ್ಷ ಮರದ ಕೆಳಗೇ ಇರ್ತಿದ್ರಲ್ರೀ!"

"ನಾನು ಮೂಲೆಯ ಕಲ್ಲು ನೋಡ್ಕೋತಿದ್ದೆ. ಎಲ್ಲರೂ ಬಂದ ಮೇಲೆ ಮಲಗಿಬಿಡ್ತಿದ್ದೆ."

ಅವಳು ನಗಲಿಲ್ಲ. ಅವನ ಕುತ್ತಿಗೆಯ ಹಿಂದಿನ ಕೈಯನ್ನು ತೆಗೆಯಲೂ ಇಲ್ಲ.

ಬಿಸಿಲು ಗದ್ದೆಯ ಆಚೆ ಬದಿಗೆ ಸರಿದಾಗ ಗೆನ್ಸಾಕು ಟ್ರಕ್ಕಿನ ಕೀಲಿ ಅಲ್ಲಾಡಿಸುತ್ತ ಬಂದ. "ಅಕ್ಕ, ಬಸ್ಸಿನ ಹೊತ್ತಾಯ್ತು."

"ಇವರು ಈಗ ತಾನೇ ನೋಡೋಕೆ ಶುರು ಮಾಡಿದ್ದಾರೆ," ಎಂದಳು ಕಿನುಯೊ. "ನಾಳೆ ಹೋಗ್ತೀನಿ ಬಿಡು. ಕವಾಗುಚಿಯವರ ಕೂದಲು ಇನ್ನೊಂದು ದಿನ ಬೆಳೀಲಿ."