ಎಂಟು ಆವರ್ತ ಖಾಲಿ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಶಾಲೆಯ ಸಂಗೀತದ ಕೋಣೆಯ ಬೀಗ ತೆಗೆಯುವುದು ನನ್ನ ಕೆಲಸವಾಗಿತ್ತು. ಅರವತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಟೀಚರ್. ಆ ಕೋಣೆಯಲ್ಲಿ ಹಿಂದಿನ ಹೆಡ್‌ಮಿಸ್ಟ್ರೆಸ್ ಬಿಟ್ಟುಹೋದ ಪಿಯಾನೊ ಇತ್ತು. ಅವರು ಹೋಗುವ ಮುನ್ನ ನನಗೊಬ್ಬಳಿಗೆ ಅದನ್ನು ಕಲಿಸಿದ್ದರು.

ಭಾನುವಾರದ ಪಾಠ ನನ್ನದಲ್ಲ. ಅದನ್ನು ಹೇಳುತ್ತಿದ್ದವರು ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸುತ್ತಿದ್ದ ಒಬ್ಬ ವಯಸ್ಸಾದ ಮೇಷ್ಟ್ರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ, ಸೋಲ್ಜರುಗಳು ಕುಣಿಯುವ ಡ್ಯಾನ್ಸ್ ಹಾಲ್‌ಗಳಲ್ಲಿ ಅವರು ಜಾಜ್ ನುಡಿಸುತ್ತಿದ್ದರು. ಬ್ರಿಟಿಷರು ಹೋದರು, ಆ ಹಾಲ್‌ಗಳು ಮುಚ್ಚಿದವು, ಇವರು ತುಮಕೂರಿಗೆ ಬಂದು ಮದುಮಕ್ಕಳ ಕಾರಿನ ಮುಂದೆ ಸಿನಿಮಾ ಹಾಡು ನುಡಿಸುತ್ತ ಉಳಿದುಬಿಟ್ಟರು. "ಬ್ಯಾಂಡಲ್ಲಿ ನಾಕ್ ಜನ ಹುಡುಗ್ರವ್ರೆ, ಒಳ್ಳೆ ಕಿವಿ. ಈ ಜಾಜ್ ವಿದ್ಯೆ ಅವರಿಗೆ ಕೊಟ್ಟು ಹೋಗ್ಬೇಕು ಕಣಮ್ಮ. ಒಂದು ಕೋಣೆ, ಒಂದು ಪಿಯಾನೊ ಸಿಕ್ಕಿದ್ರೆ ಸಾಕು" ಎಂದು ಒಂದು ದಿನ ಶಾಲೆಯ ಗೇಟಿನ ಹತ್ತಿರ ನಿಂತು ಕೇಳಿದರು. ಟೀಚರೊಬ್ಬರು ಜೊತೆಗಿರಬೇಕೆಂಬ ಷರತ್ತಿನ ಮೇಲೆ ಹೊಸ ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಬ್ಯಾಂಡಿನ ಯಜಮಾನರಾದ ಸಾಹೇಬರು, "ಮುಹೂರ್ತ ಇಲ್ದಿರೋ ದಿನ ಪೆಟ್ಟಿಗೇಲಿ ಕೂತ್ಕೊಂಡು ಏನ್ ಮಾಡ್ತವೆ, ತಗೊಂಡ್ ಹೋಗಿ" ಎಂದು ವಾದ್ಯಗಳನ್ನು ಕಳಿಸಿಕೊಟ್ಟರು.

ಮೇಷ್ಟ್ರ ಪಾಠ ಸರಳವಾಗಿತ್ತು. ಮೊದಲು ಎಲ್ಲರೂ ಸೇರಿ ಹಾಡನ್ನು ನುಡಿಸಬೇಕು. ಆಮೇಲೆ ಒಬ್ಬೊಬ್ಬರಿಗೂ ಎಂಟೆಂಟು ಆವರ್ತ. ಆ ಎಂಟು ಆವರ್ತದಲ್ಲಿ ಅವರವರಿಗೆ ಹೊಳೆದದ್ದನ್ನು ಅಲ್ಲೇ ಕಟ್ಟಿ ನುಡಿಸಬೇಕು, ಉಳಿದವರು ಅವರಿಗೆ ಆಸರೆಯಾಗಬೇಕು. ಪಿಯಾನೊ ನನ್ನ ಪಾಲಿಗೆ ಬಂತು. "ಬಾಯಿಗ್ ಬಂದಿದ್ದಲ್ಲ, ಕಿವಿಗ್ ಬಂದಿದ್ದು ನುಡಿಸ್ರೋ" ಎನ್ನುತ್ತಿದ್ದರು.

ನಾಲ್ವರಲ್ಲಿ ಟ್ರಂಪೆಟ್ ಊದುತ್ತಿದ್ದವನು ಕುಣಿಗಲ್ಲಿನವನು. ಹತ್ತೊಂಬತ್ತು ವರ್ಷ. ತಂದೆ ಇರಲಿಲ್ಲ, ತಾಯಿ ಅಲ್ಲಿಯ ಕುದುರೆ ಫಾರಂಗೆ ಹುಲ್ಲು ಕೊಯ್ಯುತ್ತಿದ್ದರು. ಉಳಿದವರು ಮೇಷ್ಟ್ರು ಹೇಳಿದ್ದನ್ನೇ ಸ್ವಲ್ಪ ತಿರುಚಿ ನುಡಿಸುತ್ತಿದ್ದರು. ಇವನು ಮಾತ್ರ ಒಂದೇ ಸ್ವರವನ್ನು ಹಿಡಿದು ನಿಲ್ಲಿಸಿ, ಇನ್ನೇನು ಬಿದ್ದುಹೋಗುತ್ತದೆ ಎನ್ನುವಾಗ ಎತ್ತಿಕೊಳ್ಳುತ್ತಿದ್ದ. ಆಗ ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಭಾನುವಾರ ಪಾಠ ಮುಗಿದ ಮೇಲೆ ಅವನು ಅಂಗಳದ ನಲ್ಲಿಯ ಹತ್ತಿರ ಬಗ್ಗಿ ನಿಂತಿದ್ದ. ಹತ್ತಿರ ಹೋದೆ. ಕಲ್ಲಿನ ಮೇಲೆ ಹರಿಯುತ್ತಿದ್ದ ನೀರು ಕೆಂಪಾಗಿತ್ತು.

"ಏನೋ ಅದು?"

"ವಸಡು ಅಕ್ಕ" ಎಂದವನು ಮರುಕ್ಷಣವೇ ಕೆಮ್ಮಿದ. ಕರ್ಚೀಫೂ ಕೆಂಪಾಯಿತು.

"ಎಷ್ಟು ದಿನದಿಂದ?"

"ದೀಪಾವಳಿಯಿಂದ."

"ಮೇಷ್ಟ್ರಿಗೆ ಹೇಳ್ತೀನಿ ನಡಿ."

"ಅಕ್ಕಾ, ನಿಮ್ ಕಾಲಿಗ್ ಬೀಳ್ತೀನಿ. ಹೇಳಿದ್ರೆ ನನಗೆ ಟ್ರಂಪೆಟ್ ಮುಟ್ಟೋಕ್ ಬಿಡ್ತಾರಾ? ಬ್ಯಾಂಡಿಂದಾನೂ ಓಡಿಸ್ತಾರೆ. ಗುಬ್ಬಿ ಪ್ರೋಗ್ರಾಂ ಒಂದು ಆಗ್ಲಿ, ನಾನೇ ಆಸ್ಪತ್ರೆಗೆ ಹೋಗ್ತೀನಿ. ನಮ್ಮವ್ವನಾಣೆ."

ಗುಬ್ಬಿಯ ಯುವಕರ ಸಂಘವೊಂದು ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದಿತ್ತು. ಇನ್ನೂ ಐದು ವಾರವಿತ್ತು. ನಾನು ಸುಮ್ಮನಾದೆ. ಸುಮ್ಮನಾಗಿ ಮಾಡಿದ್ದು ಇಷ್ಟೇ: ಪ್ರತಿ ಭಾನುವಾರ ಪಾಠ ಮುಗಿದ ಮೇಲೆ, ಟ್ರಂಪೆಟ್ಟಿನ ಬಾಯಿಗಿಡುವ ತುಂಡನ್ನು ಬಿಚ್ಚಿ, ಶಾಲೆಯ ಸ್ಟವ್ವಿನ ಮೇಲೆ ಕುದಿಯುವ ನೀರಿನಲ್ಲಿ ಹಾಕುತ್ತಿದ್ದೆ. ಅದೇ ವಾದ್ಯವನ್ನು ವಾರವೆಲ್ಲ ಬೇರೆಯವರೂ ಊದುತ್ತಿದ್ದರು. ಆ ಕಾಯಿಲೆ ಅಂಟುತ್ತದೆ ಎಂಬಷ್ಟು ನಾನು ಬಲ್ಲವಳಾಗಿದ್ದೆ, ಆದರೂ ಬಾಯಿ ಬಿಡಲಿಲ್ಲ.

ಗುಬ್ಬಿಯವರು ನಾಟಕ ನೋಡಿ ಪಳಗಿದ ಜನ. ಬಾಡಿಗೆಗೆ ತಂದ ಒಂದು ಪುಟ್ಟ ಆರ್ಗನ್ನಿನ ಮುಂದೆ ನಾನು ಕೂತಿದ್ದೆ. ಮೊದಲು ಸಭೆ ಗುಸುಗುಸು ಎನ್ನುತ್ತಿತ್ತು. ಇವನ ಸರದಿ ಬಂತು. ಅವನು ಆ ಒಂದು ಸ್ವರವನ್ನು ಹಿಡಿದು ನಿಲ್ಲಿಸಿದಾಗ ಗುಸುಗುಸು ನಿಂತಿತು. ಎಂಟು ಆವರ್ತ ಮುಗಿಯುತ್ತಿದ್ದಂತೆ ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು, "ಒನ್ಸ್ ಮೋರ್!" ಎಂದು ಕೂಗಿದರು. ಹಿಂದಿನಿಂದ ಹತ್ತಾರು ದನಿಗಳು ಸೇರಿದವು.

ಅವನು ನನ್ನ ಕಡೆ ನೋಡಿದ. ಹಣೆ ಪೂರ್ತಿ ಬೆವೆತಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಕೈ ನಿಲ್ಲಿಸಿದ್ದರೆ ಅವನೂ ನಿಲ್ಲಿಸಬೇಕಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಅವನು ಮತ್ತೆ ಊದಿದ, ಮೊದಲಿಗಿಂತ ಚೆನ್ನಾಗಿ ಊದಿದ.

ಅದಾದ ಮೇಲೂ ಅವನು "ಮುಂದಿನ್ ವಾರ ಹೋಗ್ತೀನಿ ಅಕ್ಕ" ಎನ್ನುತ್ತಲೇ ಇದ್ದ, ನಾನು ಬಲವಂತ ಮಾಡಲಿಲ್ಲ. ಅವನಿಲ್ಲದೆ ಆ ಸಂಗೀತ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮದುವೆಯಾಗದೆ, ಅಣ್ಣನ ಮನೆಯಲ್ಲಿ ಇದ್ದ ನನಗೆ ವಾರದಲ್ಲಿ ನನ್ನದು ಅಂತ ಇದ್ದದ್ದು ಆ ಎರಡು ಗಂಟೆ ಮಾತ್ರ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಎರಡು ಭಾನುವಾರ ಅವನು ಬರಲಿಲ್ಲ. ಮೂರನೆಯ ಭಾನುವಾರ ಸಾಹೇಬರೇ ಬಂದು ಬಾಗಿಲಲ್ಲಿ ಟೋಪಿ ತೆಗೆದು ನಿಂತರು. "ಕುಣಿಗಲ್ ಹುಡ್ಗ ಹೋಗ್ಬಿಟ್ನಂತೆ ಟೀಚರಮ್ಮ. ಟಿ.ಬಿ. ಅಂತೆ."

ಆ ದಿನ ಪಾಠ ನಡೆಯುವುದಿಲ್ಲ ಎಂದುಕೊಂಡೆ. ಮೇಷ್ಟ್ರು ಹಾಡು ಶುರು ಮಾಡಿಸಿದರು. ಅವನ ಸರದಿ ಬಂದಾಗ ಯಾರಿಗೂ ಅದನ್ನು ಕೊಡಲಿಲ್ಲ, ತಾವೂ ಕ್ಲಾರಿಯೋನೆಟ್ ಇಳಿಸಿ ನಿಂತರು. ಡ್ರಮ್ಮಿನವನ ಮೆಲ್ಲನೆಯ ತಾಳ, ನನ್ನ ಎಡಗೈ, ಅಷ್ಟೇ. ಎಂಟು ಆವರ್ತ ಖಾಲಿ.

ಆ ಖಾಲಿಯಲ್ಲಿ ನನಗೆ ಕೇಳಿಸಿತು. ಟ್ರಂಪೆಟ್ಟಲ್ಲ. ಊದುವ ಮುಂಚೆ ಅವನು ಎಳೆದುಕೊಳ್ಳುತ್ತಿದ್ದ ಉಸಿರು, ತುದಿಯಲ್ಲಿ ಸಣ್ಣಗೆ ತೊಡರುತ್ತಿದ್ದ ಉಸಿರು. ತಿರುಗಿ ನೋಡಿದೆ, ಉಳಿದವರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ಮುಂದಿನ ಭಾನುವಾರವೂ ಕೇಳಿಸಿತು. ಆಮೇಲೆ ಮನೆಯಲ್ಲಿ ಮುದ್ದೆ ತೊಳಸುವಾಗ, ಶಾಲೆಯಲ್ಲಿ ಬೋರ್ಡಿನ ಕಡೆ ತಿರುಗಿ ಬರೆಯುವಾಗ, ಬೆನ್ನ ಹಿಂದೆ, ತೀರ ಹತ್ತಿರ.

ತಿಂಗಳಾದ ಮೇಲೆ ಅವನ ತಾಯಿ ಸಾಹೇಬರ ಮೂಲಕ ಹೇಳಿಕಳಿಸಿದರು: ನನ್ನ ಮಗ ಭಾನುವಾರ ಏನು ಮಾಡುತ್ತಿದ್ದ ಅಂತ ನಾನು ಒಂದು ಸಲ ಕೇಳಬೇಕು. ವಾದ್ಯಗಳನ್ನು ಹೊತ್ತು ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದೆವು. ಮನೆಯ ಮುಂದೆ ಚಾಪೆ ಹಾಕಿದ್ದರು. ನನಗೆ ನುಡಿಸಲು ಏನೂ ಇರಲಿಲ್ಲ, ಅವರ ಪಕ್ಕದಲ್ಲಿ ಕೂತೆ. ಹಾಡು ಶುರುವಾಯಿತು. ಅವನ ಜಾಗ ಬಂದಾಗ ಎಲ್ಲರೂ ಸುಮ್ಮನಾದರು.

"ಯಾಕ್ ನಿಲ್ಸುದ್ರಿ? ಇದು ನನ್ ಮಗ ಊದೋ ಜಾಗಾನಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ಯಾರ್ ಕೈಲಾದ್ರೂ ಊದ್ಸಿ ಸ್ವಾಮಿ. ಖಾಲಿ ಬುಡ್ಬೇಡಿ."

ಆಗ ನನಗೆ ತಡೆಯಲಾಗಲಿಲ್ಲ. ನಲ್ಲಿಯ ಹತ್ತಿರ ಕಂಡದ್ದು, ಆಣೆ, ಕುದಿಯುವ ನೀರು, ಗುಬ್ಬಿ, ಎಲ್ಲವನ್ನೂ ಹೇಳಿಬಿಟ್ಟೆ. ಅಲ್ಲಿಯವರೆಗೆ ನನ್ನನ್ನು "ನೀವು" ಎನ್ನುತ್ತಿದ್ದ ತಾಯಿ ನನ್ನ ಕಡೆಗೆ ತಿರುಗಿದರು.

"ನಿಂಗೆ ಗೊತ್ತಿತ್ತಾ? ನಂಗೊಂದ್ ಮಾತ್ ಹೇಳಿದ್ರೆ ಬೆನ್ ಮ್ಯಾಲ್ ಹೊತ್ಕೊಂಡಾದ್ರೂ ಆಸ್ಪತ್ರೆಗ್ ಹೋಗ್ತಿರ್ನಿಲ್ವಾ?"

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಸ್ಸಿನಲ್ಲಿ ಮೇಷ್ಟ್ರು ಬೇರೆ ಸೀಟಿನಲ್ಲಿ ಕೂತರು. ಹೆಬ್ಬೂರಿನಲ್ಲಿ ಬಸ್ಸು ನಿಂತಾಗ ನನ್ನ ಕಡೆ ತಿರುಗಿ, "ಅವನ ಕೈಗೆ ಟ್ರಂಪೆಟ್ ಕೊಟ್ಟೋನು ನಾನು. ಬಾಯ್ ಮುಚ್ಕೊಂಡೋರು ನೀವು. ಮುಂದಿನ್ ಭಾನುವಾರ ಇಬ್ರೂ ಬರ್ಬೇಕು" ಎಂದರು.

ಮರುದಿನವೇ ಆ ಮೂವರು ಹುಡುಗರನ್ನೂ ಬ್ಯಾಂಡಿನ ಉಳಿದವರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾರಿಗೂ ಅಂಟಿರಲಿಲ್ಲ. ಅಲ್ಲಿಂದಾಚೆಗೆ, ಆಸ್ಪತ್ರೆಯ ಚೀಟಿ ತರದ ಯಾರ ಕೈಗೂ ವಾದ್ಯ ಕೊಡಲಿಲ್ಲ. ಪಾಠ ಇನ್ನೂ ಆರೇಳು ವರ್ಷ, ಮೇಷ್ಟ್ರ ಕಾಲು ಸೋಲುವವರೆಗೂ ನಡೆಯಿತು. ಹೊಸಬರು ಬಂದರು, ನಮ್ಮ ಶಾಲೆಯ ಇಬ್ಬರು ಹುಡುಗಿಯರೂ ಸೇರಿದರು. ಆ ಎಂಟು ಆವರ್ತವನ್ನು ಬೇರೊಬ್ಬ ಹುಡುಗ ತುಂಬಿದ. ಅವನ ಉಸಿರಿಗೆ ಮುಂಚೆ ಇನ್ನೊಂದು ಉಸಿರು ನನಗೆ ಕೇಳಿಸುತ್ತಲೇ ಇತ್ತು.

ನಾವು ಕುಣಿಗಲ್ಲಿಗೆ ಹೋಗಿಬಂದ ಎರಡು ವರ್ಷದ ಮೇಲೆ ಒಂದು ಭಾನುವಾರ ತಾಯಿ ತಾವಾಗಿಯೇ ತುಮಕೂರಿಗೆ ಬಂದರು. ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರು. ಮುಗಿದ ಮೇಲೆ ಎದ್ದು, ಒಬ್ಬೊಬ್ಬರ ಬೆನ್ನಿನ ಮೇಲೂ ಅಂಗೈ ಇಟ್ಟು, "ಉಸ್ರು ಎಳ್ಕೋ ಮಗಾ" ಎಂದು ಉಸಿರೆಳೆಸಿ ನೋಡಿದರು. ಹುಡುಗರು, ಹುಡುಗಿಯರು, ಕೊನೆಗೆ ಮೇಷ್ಟ್ರನ್ನೂ ಬಿಡಲಿಲ್ಲ. ನಾನು ಪಿಯಾನೊದ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಕಾದೆ. ಅವರು ಸೆರಗು ಸರಿಮಾಡಿಕೊಂಡು, ನನ್ನನ್ನು ದಾಟಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.